ಪಿಲಾದಲ್ಲಿ ಎರಡು ಕಾಫಿ

ಮಗಳಿಗೆ ಸೈಪ್ರಸ್‌ನಲ್ಲಿ ಕೆಲಸ ಸಿಕ್ಕಿತು ಅಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಹಳೇ ಅಟ್ಲಾಸ್ ಹುಡುಕಿ ತೆಗೆದದ್ದು. ಟರ್ಕಿಯ ಕೆಳಗೆ, ಸಿರಿಯಾ, ಲೆಬನಾನ್‌ಗಳ ಎಡಕ್ಕೆ, ಸಮುದ್ರದಲ್ಲಿ ಬಾಲ ಇರುವ ಮೀನಿನ ಹಾಗೆ ಬಿದ್ದುಕೊಂಡಿದೆ ಆ ದ್ವೀಪ. 9,251 ಚದರ ಕಿಲೋಮೀಟರು. ಲೆಕ್ಕ ಹಾಕಿದರೆ ನಮ್ಮ ಕೊಡಗಿನ ಎರಡೂಕಾಲು ಪಟ್ಟು, ಅಷ್ಟೇ. ಇಷ್ಟು ಪುಟ್ಟ ಜಾಗವನ್ನು ಎರಡು ಪಾಲು ಮಾಡಿಕೊಂಡು ಕೂತಿದ್ದಾರಲ್ಲ ಅಂತ ಆಗ ನಗು ಬಂದಿತ್ತು. ಅಲ್ಲಿಗೆ ಹೋಗಿ ಬಂದ ಮೇಲೆ ಹಾಗೆ ನಗೋಕೆ ಆಗುತ್ತಿಲ್ಲ. ಯಾಕೆಂದರೆ ನನ್ನ ತವರುಮನೆಯ ಕಾಫಿ ಕಣದ ನಡುವೆ ಹನ್ನೊಂದು ವರ್ಷದಿಂದ ಒಂದು ಗೋಡೆ ಇದೆ. ಅದರ ವಿಷಯ ಆಮೇಲೆ.

ಕಳೆದ ನವೆಂಬರಿನಲ್ಲಿ ಒಂದು ತಿಂಗಳು ಲಾರ್ನಾಕಾದಲ್ಲಿ ಮಗಳ ಜೊತೆ ಇದ್ದೆ. ಸಮುದ್ರದ ದಂಡೆ, ಸೇಂಟ್ ಲಾಜರಸ್ ಚರ್ಚು, ಉಪ್ಪಿನ ಕೆರೆ, ಅದರ ದಡದಲ್ಲಿ ಖರ್ಜೂರದ ಮರಗಳ ನಡುವೆ ಹಾಲಾ ಸುಲ್ತಾನ್ ತೆಕ್ಕೆ ಎಂಬ ಮಸೀದಿ, ಇವೆಲ್ಲ ಪ್ರವಾಸಿಗಳು ನೋಡುವಂಥವೇ. ಎಲ್ಲವನ್ನೂ ನೋಡಿದೆ. ಆದರೆ ನನ್ನ ಹಟ ಬೇರೆ ಇತ್ತು. ಆ ಊರಿನಲ್ಲಿ ನಮ್ಮ ಜನರಲ್ ತಿಮ್ಮಯ್ಯನವರ ಹೆಸರಿನ ರಸ್ತೆ ಇದೆ ಅಂತ ಎಲ್ಲೋ ಓದಿದ್ದೆ. ಅದನ್ನು ನೋಡದೆ ಹೋಗೋಳಲ್ಲ ಅಂದೆ. ಮಗಳು ಫೋನಿನಲ್ಲಿ ಹುಡುಕಿ ಕರೆದುಕೊಂಡು ಹೋದಳು. ಅಗಲವಾದ, ಗಡಿಬಿಡಿಯ, ಅಂಗಡಿ ಸಾಲಿನ ರಸ್ತೆ. ವಿಶೇಷವೇನೂ ಇಲ್ಲ. ಫಲಕದಲ್ಲಿ ಗ್ರೀಕ್ ಅಕ್ಷರ. ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಸ್ಟ್ರಟಿಗೂ... ತಿ-ಮಾ-ಯಾ." ಸೇನಾಪತಿ ತಿಮ್ಮಯ್ಯ ಅಂತ ಅರ್ಥವಂತೆ. ಮೈ ಜುಮ್ಮೆಂದಿತು ನೋಡಿ. ಮಡಿಕೇರಿಯಲ್ಲಿ ಅವರು ಹುಟ್ಟಿದ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಅದಕ್ಕೂ ಮುಂಚೆ ಅಲ್ಲಿ ಆರ್‌ಟಿಒ ಕಚೇರಿ ಇತ್ತು. ನಾನು ಸ್ಕೂಟರ್ ಲೈಸೆನ್ಸಿಗೆ ಅಂತ ಆ ಮೆಟ್ಟಿಲು ಹತ್ತಿಳಿದವಳು, ಅದು ಯಾರ ಮನೆ ಅಂತ ಅವತ್ತು ಯೋಚನೆಯನ್ನೂ ಮಾಡಿರಲಿಲ್ಲ.

ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದದ್ದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಕೂರುವ ವಯಸ್ಸಿನಲ್ಲಿ, 1964ರಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ಅವರು ಸೈಪ್ರಸ್‌ಗೆ ಹೋದರು. ಅವರಿಗಿಂತ ಮುಂಚೆ ಅಲ್ಲಿದ್ದವರೂ ಭಾರತೀಯರೇ, ಪ್ರೇಮ್ ಸಿಂಗ್ ಗ್ಯಾನಿ. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಅಲ್ಲೇ, ಕೆಲಸದ ಮೇಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರದ ಅಂಚೆಚೀಟಿ ತಂದಿತು. ತನ್ನ ಅಂಚೆಚೀಟಿಯ ಮೇಲೆ ಕೊಡಗಿನವರೊಬ್ಬರ ಮುಖ ಅಚ್ಚು ಹಾಕಿದ ದೇಶ ಅಂದಮೇಲೆ ಅದು ನನಗೆ ಪರದೇಶ ಅಂತ ಅನ್ನಿಸಲೇ ಇಲ್ಲ.

ಅವರು ಅಷ್ಟು ದೂರ ಹೋಗಿ ಕಾಯುತ್ತಿದ್ದದ್ದು ಏನನ್ನು? ಅದನ್ನು ಕಣ್ಣಾರೆ ನೋಡಬೇಕು ಅಂದೆ. "ಹಾಗಿದ್ರೆ ಪಿಲಾಗೆ ಹೋಗೋಣಮ್ಮ. ನಿಕೋಸಿಯಾದಲ್ಲಿ ಬರೀ ಗೋಡೆ, ಮರಳಿನ ಚೀಲ ಕಾಣುತ್ತೆ. ಪಿಲಾದಲ್ಲಿ ಜನ ಕಾಣ್ತಾರೆ" ಅಂದಳು ಮಗಳು.

ಕಥೆ ಗೊತ್ತಿಲ್ಲದವರಿಗೆ ನಾಲ್ಕೇ ಮಾತಿನಲ್ಲಿ ಹೇಳಿಬಿಡ್ತೀನಿ. ದ್ವೀಪದಲ್ಲಿ ಹೆಚ್ಚು ಜನ ಗ್ರೀಕ್ ಮಾತಾಡುವ ಕ್ರೈಸ್ತರು. 1571ರಲ್ಲಿ ಆಟೊಮನ್ ತುರ್ಕರು ದ್ವೀಪವನ್ನು ಗೆದ್ದ ಮೇಲೆ ತುರ್ಕಿ ಮಾತಾಡುವ ಮುಸ್ಲಿಮರೂ ಅಲ್ಲಿ ನೆಲೆಯಾದರು. 1878ರಲ್ಲಿ ಬ್ರಿಟಿಷರು ಬಂದರು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ನೂರಕ್ಕೆ ಸುಮಾರು ಹದಿನೆಂಟು ಜನ ತುರ್ಕಿಯವರು. ಗ್ರೀಕರಲ್ಲಿ ಬಹಳ ಮಂದಿಗೆ ಗ್ರೀಸ್ ಜೊತೆ ಸೇರುವ ಆಸೆ, ತುರ್ಕಿಯವರಲ್ಲಿ ಬಹಳ ಮಂದಿಗೆ ದ್ವೀಪವನ್ನು ಪಾಲು ಮಾಡುವ ಆಸೆ. 1963ರ ಡಿಸೆಂಬರಿನಲ್ಲಿ ನಿಕೋಸಿಯಾದಲ್ಲಿ ಗಲಭೆ ಎದ್ದಿತು. ಒಬ್ಬ ಬ್ರಿಟಿಷ್ ಸೇನಾಧಿಕಾರಿ ನಕಾಶೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದಕ್ಕೇ ಇವತ್ತಿಗೂ ಅದರ ಹೆಸರು 'ಗ್ರೀನ್ ಲೈನ್'. 1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಕುಮ್ಮಕ್ಕಿನಿಂದ ಕ್ಷಿಪ್ರಕ್ರಾಂತಿ, ಐದೇ ದಿನಕ್ಕೆ, 20ರಂದು, ಟರ್ಕಿಯ ಸೇನೆ ಬಂದಿಳಿಯಿತು. ಆಗಸ್ಟ್ 16ಕ್ಕೆ ಗುಂಡಿನ ಸದ್ದು ನಿಂತಾಗ ದ್ವೀಪದ ಮೂರನೇ ಒಂದು ಪಾಲಿಗಿಂತ ಹೆಚ್ಚು ಟರ್ಕಿಯ ಕೈಯಲ್ಲಿತ್ತು. ಆ ಹೊತ್ತಿನಲ್ಲಿ ಶಾಂತಿಪಡೆಯ ಮುಖ್ಯಸ್ಥರಾಗಿದ್ದವರು ಮತ್ತೊಬ್ಬ ಭಾರತೀಯ, ದಿವಾನ್ ಪ್ರೇಮ್ ಚಂದ್. ಗ್ರೀಕರು ಲಕ್ಷಗಟ್ಟಲೆ ಮನೆಬಿಟ್ಟು ದಕ್ಷಿಣಕ್ಕೆ ಓಡಿದರು, ತುರ್ಕಿಯವರು ಸಾವಿರಗಟ್ಟಲೆ ಉತ್ತರಕ್ಕೆ. ನಡುವೆ ಉದ್ದಕ್ಕೂ ಸುಮಾರು 180 ಕಿಲೋಮೀಟರಿನ ಯಾರದೂ ಅಲ್ಲದ ಪಟ್ಟಿ, ವಿಶ್ವಸಂಸ್ಥೆಯ ಕಾವಲಿನಲ್ಲಿ.

ಆ ಪಟ್ಟಿಯ ಒಳಗೆ ಸಿಕ್ಕಿಕೊಂಡ ಹಳ್ಳಿ ಪಿಲಾ. ಗ್ರೀಕರ ಬಾಯಲ್ಲಿ ಪಿಲಾ, ತುರ್ಕಿಯವರ ಬಾಯಲ್ಲಿ ಪಿಲೆ. ಇಡೀ ಪಟ್ಟಿಯಲ್ಲಿ ಗ್ರೀಕರೂ ತುರ್ಕಿಯವರೂ ಮೊದಲಿನ ಹಾಗೇ ಒಂದೇ ಊರಿನಲ್ಲಿ ಉಳಿದುಕೊಂಡದ್ದು ಇಲ್ಲಿ ಮಾತ್ರ.

ಲಾರ್ನಾಕಾದಿಂದ ಹತ್ತು ಹನ್ನೆರಡು ಕಿಲೋಮೀಟರು. ಬಸ್ಸಿದೆ. ಸಮುದ್ರವನ್ನು ಬಲಕ್ಕಿಟ್ಟುಕೊಂಡು ಹೋಟೆಲುಗಳ ಸಾಲು ದಾಟಿದ ಮೇಲೆ ಬಸ್ಸು ಒಳಕ್ಕೆ ತಿರುಗುತ್ತದೆ. ಗಡಿಗೆ ಹೋಗ್ತಿದೀವಿ ಅಂತ ನಾನು ಪಾಸ್‌ಪೋರ್ಟನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಯಾರೂ ಕೇಳಲಿಲ್ಲ. ದಕ್ಷಿಣದಿಂದ ಬಂದರೆ ತಪಾಸಣೆಯೇ ಇಲ್ಲ. ಉತ್ತರಕ್ಕೆ ದಾಟಬೇಕು ಅಂದರೆ ಮಾತ್ರ ಪಕ್ಕದ ಡೆಕೇಲಿಯಾ ಬ್ರಿಟಿಷ್ ನೆಲೆಯ ಮೂಲಕ ಪರ್ಗಮೋಸ್ ಗೇಟಿಗೆ ಹೋಗಬೇಕು. ಹೌದು, ಬ್ರಿಟಿಷರು ಇನ್ನೂ ಅಲ್ಲಿದ್ದಾರೆ. ಸ್ವಾತಂತ್ರ್ಯ ಕೊಟ್ಟು ಹೋಗುವಾಗ ಎರಡು ಸೇನಾ ನೆಲೆಗಳನ್ನು ತಮ್ಮದೇ ಅಂತ ಇಟ್ಟುಕೊಂಡರು. ದ್ವೀಪದ ನೂರಕ್ಕೆ ಮೂರು ಪಾಲು ಇವತ್ತಿಗೂ ಅವರದ್ದೇ. ಮನೆ ಮಾರಿದ ಮೇಲೂ ಎರಡು ಕೋಣೆಯ ಬೀಗದ ಕೈ ಕೊಡದೆ ಹೋದ ಹಾಗೆ.

ಬಸ್ಸಿಳಿದರೆ ಊರ ನಡುವಿನ ಚೌಕ. ನಮ್ಮ ಊರುಗಳ ಅರಳಿಕಟ್ಟೆಯ ಜಾಗಕ್ಕೆ ಅಲ್ಲಿ ಚೌಕ. ಒಂದು ಕಡೆ ಗ್ರೀಕರ ಕಾಫಿ ಅಂಗಡಿ, ಎದುರು ಬದಿಗೆ ತುರ್ಕಿಯವರ ಕಾಫಿ ಅಂಗಡಿ. ನಡುವೆ ಒಂದು ಕಟ್ಟಡದ ಮೇಲೆ ವಿಶ್ವಸಂಸ್ಥೆಯ ನೀಲಿ ಬಾವುಟ, ಕಾವಲಿನ ಕಟ್ಟೆ. ಅಲ್ಲಿಂದ ಕೆಳಗಿನ ಎರಡೂ ಅಂಗಡಿಯ ಮೇಜುಗಳು ಕಾಣಿಸುತ್ತವೆ. ಯಾರು ಎಷ್ಟು ಸಕ್ಕರೆ ಹಾಕಿಕೊಂಡರು ಅಂತಲೂ ಬರೆದುಕೊಳ್ಳಬಹುದು! ಚರ್ಚೂ ಇದೆ, ಮಸೀದಿಯೂ ಇದೆ. ಎರಡು ಶಾಲೆ. ಊರ ಯಜಮಾನರೂ ಇಬ್ಬರು, 'ಮುಖ್ತಾರ್' ಅಂತ ಕರೆಯುತ್ತಾರೆ, ಗ್ರೀಕರಿಗೊಬ್ಬ, ತುರ್ಕಿಯವರಿಗೊಬ್ಬ. ಮನೆಗಳ ಹಿಂದೆ ಮಧ್ಯಯುಗದ ಒಂದು ಕಲ್ಲಿನ ಗೋಪುರ, ಕಡಲಿನಿಂದ ಬರುವ ಶತ್ರುವನ್ನು ಕಾಯುತ್ತಿದ್ದದ್ದು. ಉತ್ತರಕ್ಕೆ ತಲೆ ಎತ್ತಿದರೆ ದಿಬ್ಬ, ಅದರ ಮೇಲೆ ಟರ್ಕಿಯ ಸೇನೆ. ಹಾಗಾಗಿ ಫೋಟೋ ತೆಗೆಯುವಾಗ ಫೋನು ಎತ್ತ ತಿರುಗಿದೆ ಅಂತ ನೋಡಿಕೊಳ್ಳಬೇಕು.

"ಅಮ್ಮ, ಯಾವ ಕಡೆ ಕೂರೋಣ?" ಅಂದಳು ಮಗಳು.

ಇದು ನನಗೆ ಹೊಸ ಪ್ರಶ್ನೆ ಅಲ್ಲ. ತವರಿಗೆ ಹೋದಾಗಲೆಲ್ಲ ಗೇಟಿನ ಹತ್ತಿರ ನಿಂತು ನಾನು ಕೇಳಿಕೊಳ್ಳೋದು ಇದನ್ನೇ. ದೊಡ್ಡಣ್ಣನ ಮನೆಗೆ ಮೊದಲು ಹೋದರೆ ಸಣ್ಣಣ್ಣ "ಓ, ಅಲ್ಲೇ ಕಾಫಿ ಆಯ್ತಾ?" ಅಂತಾನೆ. ಸಣ್ಣಣ್ಣನ ಮನೆಗೆ ಹೋದರೆ ದೊಡ್ಡತ್ತಿಗೆ ಲೋಟ ಸ್ವಲ್ಪ ಜೋರಾಗಿ ಇಡ್ತಾರೆ. ಅಪ್ಪ ಇದ್ದಾಗ ಇಡೀ ತೋಟದ ಕಾಫಿ ಒಂದೇ ಕಣದಲ್ಲಿ ಒಣಗುತ್ತಿತ್ತು. ಪಾಲಾದ ಮೇಲೆ ಕಣಕ್ಕೆ ಅಡ್ಡ ಗೋಡೆ ಬಂತು. ಈಗ ಇಬ್ಬರಿಗೂ ಜಾಗ ಸಾಲದು. ಇಬ್ಬರೂ ಟಾರ್ಪಾಲು ಹಾಸಿ ರಸ್ತೆ ಬದಿಯಲ್ಲಿ ಒಣಗಿಸುತ್ತಾರೆ.

ಬಸ್ಸು ನಿಂತದ್ದು ಗ್ರೀಕರ ಅಂಗಡಿಗೆ ಹತ್ತಿರ, ಅಲ್ಲೇ ಕೂತೆವು. ಒಳಗೆಲ್ಲ ಗಂಡಸರು, ಅದೂ ಅರವತ್ತು ದಾಟಿದವರು. ಹೆಂಗಸರು ಹೋಗಬಹುದೋ ಇಲ್ಲವೋ ಅಂತ ನನಗೆ ಅಳುಕು. ಯಜಮಾನರೇ ಬಂದು ಕುರ್ಚಿ ಎಳೆದುಕೊಟ್ಟರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಹರೆಯದಲ್ಲಿ ಲಂಡನ್ನಿನಲ್ಲಿ ದುಡಿದವರಂತೆ. ಕಾಫಿ ಅಂದೆ. "ಸ್ಕೆತೊ, ಮೆತ್ರಿಯೊ, ಗ್ಲಿಕೊ?" ಸಕ್ಕರೆ ಇಲ್ಲದ್ದು, ಮಧ್ಯಮ, ಸಿಹಿ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನುಣ್ಣಗಿನ ಪುಡಿ, ನೀರು, ಸಕ್ಕರೆ ಒಟ್ಟಿಗೇ ಹಾಕಿ ಸಣ್ಣ ಉರಿಯಲ್ಲಿ ನೊರೆ ಉಕ್ಕುವವರೆಗೆ ಕಾಯಿಸಿ, ಸೋಸದೆ ಹಾಗೇ ಸುರಿಯುತ್ತಾರೆ. ಪಕ್ಕದಲ್ಲಿ ಒಂದು ಲೋಟ ತಣ್ಣೀರು. ನಾವು ಕಾಫಿ ಬೆಳೆಯುವ ಜಿಲ್ಲೆಯವರು, ಬೇರೆಯವರ ಕಾಫಿಯನ್ನು ಸುಲಭಕ್ಕೆ ಮೆಚ್ಚೋರಲ್ಲ. ಹಾಲಿಲ್ಲದ್ದಕ್ಕೆ ಮೊದಲ ಗುಟುಕಿಗೆ ಮುಖ ಕಿವುಚಿದೆ, ಮೂರನೆಯದಕ್ಕೆ ಹಿಡಿಸಿತು. ಕೊನೆಗೆ ಚರಟ ಬಾಯಿಗೆ ಬಂತು, ಅಲ್ಲಿಗೆ ನಿಲ್ಲಿಸಬೇಕು ಅಂತ ಯಾರೂ ಹೇಳಿರಲಿಲ್ಲ.

ಮುಂಚೆ ಇದಕ್ಕೆ ಟರ್ಕಿಶ್ ಕಾಫಿ ಅಂತಲೇ ಎಲ್ಲರೂ ಹೇಳ್ತಿದ್ದರಂತೆ. 1974ರ ನಂತರ ದಕ್ಷಿಣದಲ್ಲಿ ಅದು ಗ್ರೀಕ್ ಕಾಫಿಯಾಯಿತು, ಈಗೀಗ ಸೈಪ್ರಸ್ ಕಾಫಿ. "ಪಾತ್ರೆ ಅದೇ, ಪುಡಿ ಅದೇ, ಹೆಸರು ಮಾತ್ರ ಯುದ್ಧಕ್ಕೆ ಹೋಗಿ ಬಂತು" ಅಂದರು ಯಜಮಾನರು.

ನಾನು ಇಂಡಿಯಾದವಳು, ಅದರಲ್ಲೂ ತಿಮ್ಮಯ್ಯನವರ ಜಿಲ್ಲೆಯವಳು ಅಂದಾಗ ಅವರಿಗೆ ತಟ್ಟನೆ ಹೊಳೆಯಿತು. "ತಿಮಾಯಾ! ಲಾರ್ನಾಕಾ ರಸ್ತೆ!" ಅಂದರು. ಆ ಹೆಸರು ಒಬ್ಬ ಮನುಷ್ಯನದು ಅಂತ ಗೊತ್ತಿತ್ತು, ಎಲ್ಲಿಯವನು ಅಂತ ಗೊತ್ತಿರಲಿಲ್ಲ. ಫೋನಿನಲ್ಲಿ ಮಡಿಕೇರಿಯ ಪ್ರತಿಮೆಯ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು, ಪಕ್ಕದ ಮೇಜಿನವರಿಗೂ ತೋರಿಸಿದರು.

ನೀವು ಮಾತ್ರ ಹೇಗೆ ಒಟ್ಟಿಗೆ ಉಳಿದಿರಿ ಅಂತ ಕೇಳಿದೆ. ಅವರು ದೊಡ್ಡ ಮಾತೇನೂ ಆಡಲಿಲ್ಲ. ಸೇನೆ ದಿಬ್ಬದ ಮೇಲೆ ನಿಂತಿತು, ಇತ್ತ ಬ್ರಿಟಿಷರ ಬೇಲಿ ಇತ್ತು, ಊರೊಳಗೆ ವಿಶ್ವಸಂಸ್ಥೆಯವರು ಬಂದು ಕೂತರು, ಅಷ್ಟೇ ಅಂದರು. "ನಾವು ಒಳ್ಳೆಯವರು ಅಂತ ಅಲ್ಲ. ಹೋಗೋಕೆ ಪುರುಸೊತ್ತು ಸಿಗಲಿಲ್ಲ." ಹಳಬರು ಎರಡೂ ಭಾಷೆ ಆಡ್ತಾರಂತೆ. ಮದುವೆಗೆ, ಸಾವಿಗೆ ಹೋಗ್ತಾರೆ. ಮಕ್ಕಳು ಬೇರೆ ಬೇರೆ ಶಾಲೆ, ಆಮೇಲೆ ಬೇರೆ ಬೇರೆ ಊರು. ಇವರ ಮಗ ಲಾರ್ನಾಕಾದಲ್ಲಿ, ಅವನಿಗೆ ತುರ್ಕಿ ಬಾರದು.

2023ರ ಆಗಸ್ಟಿನ ಮಾತು ಬಂದಾಗ ಮಾತ್ರ ದನಿ ತಗ್ಗಿಸಿದರು. ಆಗಸ್ಟ್ 18ರಂದು ಉತ್ತರದ ಕಡೆಯವರು ಆರ್ಸೋಸ್ ಎಂಬ ಊರಿನಿಂದ ಪಿಲಾಗೆ ರಸ್ತೆ ಮಾಡುತ್ತೇವೆ ಅಂತ ಯಂತ್ರ ತಂದರು. ರಸ್ತೆ ಬಫರ್ ಪಟ್ಟಿಯ ಮೇಲೆ ಹಾಯಬೇಕು. ವಿಶ್ವಸಂಸ್ಥೆಯ ಸೈನಿಕರು ಅಡ್ಡ ನಿಂತರು. ಅವರ ಮೇಲೆ ಕೈ ಮಾಡಿದರು, ಬುಲ್ಡೋಜರಿನಿಂದ ಅವರ ವಾಹನಗಳನ್ನೇ ತಳ್ಳಿದರು, ಸೈನಿಕರಿಗೆ ಗಾಯವಾಯಿತು. ಭದ್ರತಾ ಮಂಡಳಿವರೆಗೂ ಹೋಯಿತು. ಅಕ್ಟೋಬರಿನಲ್ಲಿ ಎರಡೂ ಕಡೆಯವರ ನಡುವೆ ಒಂದು ಒಪ್ಪಂದವಾಯಿತು. "ಬ್ರಿಟಿಷ್ ಗೇಟಿನಲ್ಲಿ ಕಾಯದೆ ನೇರ ಹೋಗಬೇಕು ಅಂತ ಅವರು ಕೇಳೋದು ತಪ್ಪೇನಲ್ಲ. ಆದರೆ ಆ ರಸ್ತೆಯಲ್ಲಿ ನಾಳೆ ಕಾರಿನ ಹಿಂದೆ ಏನು ಬರುತ್ತೆ ಅಂತ ನಮಗೆ ಹೆದರಿಕೆ" ಅಂದರು. ಅವತ್ತು ಅವರು ಅಂಗಡಿ ತೆಗೆದಿರಲಿಲ್ಲ. ಮರುದಿನ ತೆಗೆದಾಗ ಎದುರಿನ ಅಂಗಡಿಯವನು ಕೈ ಎತ್ತಲಿಲ್ಲ, ಇವರೂ ಎತ್ತಲಿಲ್ಲ. "ಮೂರನೇ ದಿನ ಅವನ ಹತ್ತಿರ ಗ್ಯಾಸ್ ಮುಗಿದಿತ್ತು. ಬಂದ."

ದುಡ್ಡು ಕೊಟ್ಟು ಎದ್ದು, ಚೌಕ ದಾಟಿ ಎದುರಿನ ಅಂಗಡಿಗೆ ಹೋದೆವು. ಮೂವತ್ತು ಹೆಜ್ಜೆ ಇರಬಹುದು. ಬೆನ್ನ ಹಿಂದೆ ಯಾರೋ ನೋಡ್ತಿದ್ದಾರೆ ಅಂತ ನನಗೆ ಅನ್ನಿಸುತ್ತಲೇ ಇತ್ತು, ಅಭ್ಯಾಸಬಲ! ಇಲ್ಲೂ ಅದೇ ಪುಟ್ಟ ಕಪ್ಪು, ಅದೇ ತಣ್ಣೀರು. "ಸಾದೆ, ಒರ್ತಾ, ಶೆಕೆರ್ಲಿ?" ಅಂತ ಕೇಳಿದರು. ಮೂರರಲ್ಲಿ ಎರಡು ನನಗೆ ಗೊತ್ತಿರುವ ಪದವೇ! ನಮ್ಮ 'ಸಾದಾ' ಅಲ್ಲೂ ಸಾದೆ. ಶೆಕೆರ್ ಅಂದರೆ ಸಕ್ಕರೆ, ಸಂಸ್ಕೃತದ ಶರ್ಕರಾ ಪರ್ಷಿಯನ್ ದಾಟಿ ಅಲ್ಲಿಗೆ ಹೋದದ್ದು. ಇದನ್ನು ಹೇಳಿದ್ದಕ್ಕೆ ಆ ಯಜಮಾನರು ಖುಷಿಯಾಗಿ ಒಂದು ತಟ್ಟೆ ಹುರಿದ ಹೆಲ್ಲಿಮ್ ತಂದಿಟ್ಟರು. ಗ್ರೀಕರು ಹಲ್ಲೂಮಿ ಅನ್ನುವುದನ್ನೇ ಇವರು ಹೆಲ್ಲಿಮ್ ಅನ್ನುವುದು. ಕುರಿ, ಆಡಿನ ಹಾಲಿನ ಗಿಣ್ಣು, ನಮ್ಮ ಪನೀರಿನ ಹಾಗೆ ಕಾವಲಿಯ ಮೇಲೆ ಕರಗೋದಿಲ್ಲ, ಹಲ್ಲಿಗೆ ಕಿರ್ ಅನ್ನುತ್ತೆ. 2021ರಲ್ಲಿ ಯುರೋಪಿಯನ್ ಒಕ್ಕೂಟ ಇದಕ್ಕೆ ಭೌಗೋಳಿಕ ಗುರುತು ಕೊಟ್ಟಾಗ ಎರಡೂ ಹೆಸರನ್ನು ಒಟ್ಟಿಗೇ ದಾಖಲಿಸಿತು. ದ್ವೀಪದ ನಾಯಕರು ಐವತ್ತು ವರ್ಷ ಕೂತು ಮಾತಾಡಿದರೂ ಒಂದೇ ಕಾಗದದಲ್ಲಿ ಸೇರದ ಎರಡು ಕಡೆಯವರು ಗಿಣ್ಣಿನ ದಾಖಲೆಯಲ್ಲಿ ಸೇರಿದ್ದಾರೆ.

ಮೂಲೆಯಲ್ಲಿ ಇಬ್ಬರು ಮುದುಕರು ದಾಳ ಉರುಳಿಸುತ್ತ ತಾವ್ಲಾ ಆಡುತ್ತಿದ್ದರು. ನಮ್ಮ ಪಗಡೆಯ ದೂರದ ನೆಂಟ. ಒಬ್ಬರು ಗ್ರೀಕರು ಅಂತ ಆಮೇಲೆ ಗೊತ್ತಾಯಿತು. ಸೋತದ್ದು ಯಾರು ಅಂತ ಕೇಳಬೇಡಿ, ಇಬ್ಬರೂ ತಾವೇ ಗೆದ್ದೆವು ಅಂತ ಜಗಳ ಆಡುತ್ತಿದ್ದರು, ಎರಡು ಭಾಷೆಯಲ್ಲಿ.

ಇಲ್ಲಿನ ಯಜಮಾನರ ದೂರು ಬೇರೆ. ಅವರ ಚಿಕ್ಕಪ್ಪನ ಮನೆಯವರು ಉತ್ತರಕ್ಕೆ ಹೋಗಿ ನೆಲೆಸಿದ್ದಾರೆ. ಅವರನ್ನು ನೋಡಬೇಕು ಅಂದರೆ ಬ್ರಿಟಿಷರ ನೆಲದ ಮೇಲೆ ಹಾಯಬೇಕು, ಗುರುತಿನ ಚೀಟಿ ತೋರಿಸಬೇಕು. "ನನ್ನ ದೊಡ್ಡಪ್ಪ ಕತ್ತೆಯ ಮೇಲೆ ಹೋಗಿ ಬರ್ತಿದ್ದ ದಾರಿ. ಕತ್ತೆಗೆ ಪಾಸ್‌ಪೋರ್ಟು ಇರಲಿಲ್ಲ." ಆಗಸ್ಟಿನ ಗಲಾಟೆಯ ಬಗ್ಗೆ ಇವರನ್ನೂ ಕೇಳಿದೆ. ಸೈನಿಕರ ಮೇಲೆ ಕೈ ಮಾಡಿದ್ದು ತಪ್ಪು ಅಂದರು. ರಸ್ತೆ ಬೇಕು ಅಂತಲೂ ಅಂದರು. ಗ್ಯಾಸಿನ ಕಥೆ ಕೇಳಿದ್ದಕ್ಕೆ ನಕ್ಕರು. "ಗ್ಯಾಸ್ ಮುಗಿದಿರಲಿಲ್ಲ. ಏನಾದರೂ ಕೇಳಿಕೊಂಡು ಹೋಗಬೇಕಿತ್ತಲ್ಲ!"

ಅವರ ಅಂಗಳದಲ್ಲಿ ಒಂದು ಬುಟ್ಟಿ ಕೆಸುವಿನ ಗಡ್ಡೆ ಇತ್ತು. ನೋಡಿ ನನಗೆ ಕಣ್ಣೇ ನಂಬಲಾಗಲಿಲ್ಲ. 'ಕೊಲೊಕಾಸಿ' ಅಂತಾರೆ, ಸೈಪ್ರಸ್ಸಿನವರಿಗೆ ಪ್ರಾಣ. ಅದನ್ನು ತೊಳೆಯದೆ ಒರೆಸಿ, ಚಾಕು ಪೂರ್ತಿ ಇಳಿಸದೆ ಅರ್ಧ ಕೊಯ್ದು ಮುರಿದು ಹಾಕುತ್ತಾರೆ, ಇಲ್ಲದಿದ್ದರೆ ಲೋಳೆ ಬಿಡುತ್ತದಂತೆ. ನಮ್ಮಲ್ಲಿ ಹುಣಸೆಹುಳಿ ಹಾಕುತ್ತೇವೆ, ಇಲ್ಲದಿದ್ದರೆ ಗಂಟಲು ಕೆರೆಯುತ್ತೆ ಅಂತ ಕೈಸನ್ನೆಯಲ್ಲಿ ತಿಳಿಸಿದೆ. ಅವರ ಹೆಂಡತಿಗೆ ಇಂಗ್ಲಿಷ್ ಬಾರದು, ನನಗೆ ತುರ್ಕಿ ಬಾರದು. ಕೆಸುವಿನ ವಿಷಯ ಪೂರ್ತಿ ಅರ್ಥವಾಯಿತು.

ವಾಪಸು ಬರುವಾಗ ಮಗಳು ಸಮುದ್ರದ ಕಡೆಯ ಒಂದು ಬೋಳು ಗುಡ್ಡ ತೋರಿಸಿದಳು. ಕೊಕ್ಕಿನೊಕ್ರೆಮೊಸ್, ಅಂದರೆ ಕೆಂಪು ಕಡಿದಾದ ಬಂಡೆ. ಕಂಚಿನ ಯುಗದ ಕೊನೆಯಲ್ಲಿ, ಇಂದಿಗೆ 3,200 ವರ್ಷಗಳ ಹಿಂದೆ, ಅದರ ಮೇಲೆ ಒಂದು ಊರು ಇತ್ತು. ಸುತ್ತ ಕೋಟೆಯ ಗೋಡೆ ಕಟ್ಟಿಕೊಂಡು ಒಂದೆರಡು ತಲೆಮಾರು ಬದುಕಿ, ಕ್ರಿ.ಪೂ. 1200ರ ಸುಮಾರಿಗೆ ಇದ್ದಕ್ಕಿದ್ದಂತೆ ಬಿಟ್ಟುಹೋದರು. 1952ರಲ್ಲಿ ಮೊದಲು ಅಗೆದರು, ಆಮೇಲೆ 1981-82ರಲ್ಲಿ ವಾಸೋಸ್ ಕರಗಿಯೋರ್ಗಿಸ್ ಎಂಬ ಹೆಸರಾಂತ ಪುರಾತತ್ವಜ್ಞರು ಅಗೆದರು. ಸಿಕ್ಕಿದ್ದೇನು ಗೊತ್ತೇ? ನೆಲದಲ್ಲಿ, ಗೋಡೆಯ ಸಂದಿಯಲ್ಲಿ ಬಚ್ಚಿಟ್ಟ ಚಿನ್ನ, ಬೆಳ್ಳಿ, ಕಂಚು. ತಿರುಗಿ ಬಂದು ತೆಗೆದುಕೊಳ್ಳುತ್ತೇವೆ ಅಂತ ಇಟ್ಟು ಹೋದದ್ದು. ಬರಲಿಲ್ಲ.

ಮಗಳ ಮನೆಯ ಕೆಳಗಿನ ಬೇಕರಿಯ ಹೆಂಗಸು 1974ರಲ್ಲಿ ಎಂಟು ವರ್ಷದವಳಿದ್ದಾಗ ಫಮಗುಸ್ತಾ ಕಡೆಯ ಹಳ್ಳಿಯಿಂದ ಓಡಿಬಂದವಳು. ಅವಳ ತಾಯಿ ಬಾಗಿಲಿಗೆ ಬೀಗ ಹಾಕಿ ಬೀಗದ ಕೈ ತಂದಿದ್ದಳು, ಎರಡು ದಿನದಲ್ಲಿ ವಾಪಸು ಹೋಗುತ್ತೇವೆ ಅಂತ. 2003ರ ಏಪ್ರಿಲಿನಲ್ಲಿ ಗೇಟು ತೆರೆದಾಗ ತಾಯಿ ಮಗಳು ಇಬ್ಬರೂ ಹೋದರಂತೆ. ಮನೆ ಇತ್ತು, ಒಳಗೆ ಬೇರೆಯವರಿದ್ದರು. ಅವರೂ ದಕ್ಷಿಣದಲ್ಲಿ ಮನೆ ಬಿಟ್ಟು ಬಂದವರೇ. ಬಾಗಿಲು ಮಾತ್ರ ಹೊಸದು, ಆ ಬೀಗದ ಕೈ ಅದಕ್ಕೆ ಕೂಡಲಿಲ್ಲ. ಆ ಮನೆಯಾಕೆ ಕಾಫಿ ಮಾಡಿಕೊಟ್ಟಳಂತೆ. ಬೀಗದ ಕೈ ಈಗ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ ಮೊಳೆಗೆ ನೇತುಹಾಕಿದೆ, ನಾನು ದಿನಾ ಬ್ರೆಡ್ಡು ತರುವಾಗ ನೋಡುತ್ತಿದ್ದೆ.

ಅವತ್ತು ರಾತ್ರಿ ಪಿಲಾದ ಚೌಕದ ಫೋಟೋವನ್ನು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡು ಕಾಫಿ ಅಂಗಡಿ, ನಡುವೆ ನಾನು. ಅಣ್ಣಂದಿರಿಬ್ಬರೂ ಆ ಗುಂಪಿನಲ್ಲಿದ್ದಾರೆ, ಅಪ್ಪ ಮಾಡಿಸಿದ ಗುಂಪು, ಬಿಡುವ ಧೈರ್ಯ ಇಬ್ಬರಿಗೂ ಇಲ್ಲ. ಹಬ್ಬಕ್ಕೆ ಶುಭಾಶಯದ ಚಿತ್ರ ಹಾಕುವುದು ಬಿಟ್ಟರೆ ಅಲ್ಲಿ ಮಾತಿಲ್ಲ. ಯಾವುದು ಯಾರ ಅಂಗಡಿ, ನಡುವಿನ ನೀಲಿ ಬಾವುಟ ಯಾತಕ್ಕೆ, ತಿಮ್ಮಯ್ಯನವರ ರಸ್ತೆ ಎಲ್ಲಿದೆ, ಎಲ್ಲ ಬರೆದೆ. ಕಣದ ಸುದ್ದಿ ಎತ್ತಲಿಲ್ಲ.

ದೊಡ್ಡಣ್ಣ ನೋಡಿದ್ದು ತೋರಿಸಿತು, ಏನೂ ಬರೆಯಲಿಲ್ಲ. ಒಂದು ಗಂಟೆಯ ಮೇಲೆ ಸಣ್ಣಣ್ಣ ಬರೆದ: "ಎರಡೂ ಕಡೆ ಕುಡಿದ್ಯಾ?"

ಕುಡಿದೆ, ನಿದ್ದೆ ಬರ್ತಿಲ್ಲ ಅಂತ ಬರೆದೆ.

ಬೆಳಿಗ್ಗೆ ಎದ್ದು ನೋಡಿದರೆ ಅದರ ಕೆಳಗೆ ದೊಡ್ಡಣ್ಣನ ಒಂದು ಸಾಲು ಇತ್ತು. "ಪುಡಿ ಯಾವುದಂತೆ, ಅರೇಬಿಕಾನಾ?"